ಫಲಕದ ನಿಮಿಷವೂ ಗಡಿಯಾರದ ನಿಮಿಷವೂ ಕೂಡಿಬಂದದ್ದು

"ಎಲ್ಲರ ಕೈಯಲ್ಲೂ ಮೊಬೈಲ್ ನಕ್ಷೆ ಇರುವಾಗ ಮುಂದಿನ ದಾರಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ತೋರಿಸುವ ಹೆದ್ದಾರಿಯ ಫಲಕವನ್ನು ಯಾರು ನೋಡುತ್ತಾರೆ?" ಎಂದು ಮೂಗು ಮುರಿದವರೇ ಈಗ ಫಲಕ ಅರ್ಧ ಗಂಟೆ ಆರಿದರೆ ಕಂಟ್ರೋಲ್ ರೂಮಿಗೆ ಫೋನ್ ಮಾಡುತ್ತಾರೆ. ಸುಮಾರು 20 ಕಿಲೋಮೀಟರ್ ದಾರಿ, ಮೂರು ಫಲಕ, ಕೇಳಿದ್ದರಲ್ಲಿ ಅರ್ಧದಷ್ಟು ಹಣ. ಅಷ್ಟರಲ್ಲೇ ಮಾಡಿದೆವು.

ಮೊದಲು ರಸ್ತೆಯಲ್ಲಿ ಹುಗಿದಿದ್ದ, ಮೇಲೆ ಹಾಯುವ ವಾಹನವನ್ನು ಗುರುತಿಸುವ ತಂತಿಯ ಸುರುಳಿಗಳಾದ ಹಳೆಯ ಲೂಪ್‌ಗಳನ್ನೇ ನಂಬಿದ್ದಾಯಿತು. ಖರ್ಚಿಲ್ಲ, ವೇಗ ಸಿಗುತ್ತದೆ, ಭಾಗಿಸಿದರೆ ಮುಗಿಯಿತು. ಆದರೆ 10 ಕಿಲೋಮೀಟರನ್ನು ಒಂದು ಕಾರು ಗಂಟೆಗೆ 100ರಲ್ಲಿ, ಇನ್ನೊಂದು 20ರಲ್ಲಿ ದಾಟಿದರೆ ವೇಗದ ಸರಾಸರಿ 60. ಫಲಕ 10 ನಿಮಿಷ ಎನ್ನುತ್ತದೆ. ನಿಜವಾಗಿ ಹಿಡಿದದ್ದು ಒಬ್ಬನಿಗೆ 6, ಇನ್ನೊಬ್ಬನಿಗೆ 30, ಸರಾಸರಿ 18. ವೇಗದ ಬದಲು ಹಿಡಿದ ಹೊತ್ತನ್ನು ಸರಾಸರಿ ಮಾಡುವ ಹಾರ್ಮೋನಿಕ್ ಸರಾಸರಿಗೆ ಬದಲಿಸಿದರೂ ಎರಡು ಲೂಪ್‌ಗಳ ನಡುವೆ ನಿಂತ ಸಾಲು ಯಾವ ಲೂಪಿಗೂ ಕಾಣುವುದಿಲ್ಲ.

ಆಮೇಲೆ ಎರಡು ತುದಿಗೂ ಬ್ಲೂಟೂತ್ ರೀಡರ್ ಕಟ್ಟಿದೆವು. ಒಂದೇ ಸಾಧನದ ಬ್ಲೂಟೂತ್ ವಿಳಾಸ ಎರಡೂ ಕಡೆ ಹೊಂದಿಕೆಯಾದರೆ, ನಡುವಿನ ಹೊತ್ತೇ ಪ್ರಯಾಣದ ಹೊತ್ತು. ವಿಳಾಸವನ್ನು ಅಲ್ಲೇ ಹ್ಯಾಶ್ ಮಾಡಿ (ಮೂಲ ಗುರುತು ಕಾಣದ ಸಂಕೇತವಾಗಿಸಿ) ಮೂಲವನ್ನು ಅಳಿಸುವ ವ್ಯವಸ್ಥೆ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮೊಬೈಲ್‌ಗಳು ವಿಳಾಸ ಅಡಗಿಸುತ್ತವೆ, ನಿಜ. ನಮಗೆ ಸಿಗುವುದು ಹೆಚ್ಚಾಗಿ ಕಾರಿನ ಸ್ಟೀರಿಯೊ. ನೂರರಲ್ಲಿ ನಾಲ್ಕೈದು ವಾಹನ ಹೊಂದಿಕೆಯಾದರೂ ಹಗಲಿಗೆ ಸಾಕು. ಮಾನ ಹೋದದ್ದು ಬೇರೆ ಕಾರಣಕ್ಕೆ. ಅಷ್ಟೂ ದೂರ ದಾಟಿ ಬಂದವನು ತರುವುದು ತಾನು ಹೊರಟ ಹೊತ್ತಿನ ಸುದ್ದಿ. ಮುಂದೆ ವಾಹನಗಳು ನಿಂತುಬಿಟ್ಟಿದ್ದರೂ ಫಲಕ 12 ನಿಮಿಷ ಎನ್ನುತ್ತಿತ್ತು. ಸಾಲು ಕರಗಿದ ಮೇಲೂ 35ಕ್ಕೇ ಅಂಟಿಕೊಂಡಿರುತ್ತಿತ್ತು.

ದಾರಿಯನ್ನು ಎರಡು–ಮೂರು ಕಿಲೋಮೀಟರ್ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಇತ್ತೀಚಿನ ಮಧ್ಯಾಂಕಗಳನ್ನು (ಹೊತ್ತುಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು) ಕೂಡಿಸೋಣ ಎಂದೆ. ತುಂಡು ಚಿಕ್ಕದಾದಷ್ಟೂ ತಪ್ಪು ದೊಡ್ಡದು ಎಂದು ಸಹೋದ್ಯೋಗಿಗಳು ಒಪ್ಪಲಿಲ್ಲ. ಮಾತು ಸುಳ್ಳಲ್ಲ. ಸಾಧನವನ್ನು ಹಿಡಿಯಲು ರೀಡರ್‌ಗೆ 10 ಸೆಕೆಂಡ್ ತನಕ ಬೇಕು. ಗಂಟೆಗೆ 100ರ ಕಾರು ಅಷ್ಟರಲ್ಲಿ 280 ಮೀಟರ್ ಹೋಗಿರುತ್ತದೆ. ಎರಡು ಕಿಲೋಮೀಟರ್ ತುಂಡು ದಾಟಲು ಅದಕ್ಕೆ ಬೇಕಾದದ್ದೇ 72 ಸೆಕೆಂಡ್. ಆದರೆ ಒಂದು ತುಂಡಿನ ಕೊನೆಯಲ್ಲಿ ಹೆಚ್ಚು ಬಿದ್ದದ್ದು ಮುಂದಿನ ತುಂಡಿನ ಆರಂಭದಲ್ಲಿ ಕಡಿಮೆಯಾಗಿ, ಕೂಡಿಸುವಾಗ ಬಹುಪಾಲು ವಜಾ ಆಗುತ್ತದೆ. ದಟ್ಟಣೆಯಲ್ಲಿ ತುಂಡಿಗೆ ಐದಾರು ನಿಮಿಷ ಹಿಡಿಯುವಾಗಲಂತೂ 10 ಸೆಕೆಂಡ್ ಯಾವ ಲೆಕ್ಕ! ಸಾಧನ ಮೊದಲು ಕಂಡ ಗಳಿಗೆಯ ಬದಲು ಸಿಗ್ನಲ್ ಅತಿ ಬಲವಾಗಿದ್ದ ಗಳಿಗೆಯನ್ನು ತೆಗೆದುಕೊಂಡೆವು. ರೀಡರ್‌ಗಳ ಗಡಿಯಾರವನ್ನು ಜಿಪಿಎಸ್‌ಗೆ ಹೊಂದಿಸಿದೆವು. ಅದಕ್ಕೆ ಮೊದಲು ಒಂದು ತುಂಡಿನಲ್ಲಿ ಲಾರಿಗಳೂ ವಿಮಾನದಂತೆ ಹಾರುತ್ತಿದ್ದವು.

ಊಟಕ್ಕೆ ನಿಂತವರು, ಸಾಲಿನ ನಡುವೆ ನುಸುಳುವ ಬೈಕ್‌ಗಳು ಲೆಕ್ಕ ಕೆಡಿಸದಂತೆ ಮಧ್ಯಾಂಕವೇ ಕಾಯುತ್ತದೆ. ಮಧ್ಯರಾತ್ರಿ ಮೂರೇ ಹೊಂದಿಕೆ ಇದ್ದಾಗ ಯಾರನ್ನು ಕೈಬಿಡಬೇಕು ಎನ್ನುವ ಸೂತ್ರ ಮಾತ್ರ ನನ್ನಲ್ಲೇ ಇರಲಿ. ಮುಂದಿನ ಟೆಂಡರ್ ಇನ್ನೂ ತೆರೆದಿಲ್ಲ.

ನಡುವೆ ವೈಫೈ ಸ್ಕ್ಯಾನರನ್ನೂ ಕಟ್ಟಿ ನೋಡಿದೆ. ನಲವತ್ತು ಮೊಬೈಲ್ ಹೊತ್ತ ಒಂದು ಬಸ್ ನಲವತ್ತು ಕಾರುಗಳಾಗಿ ಲೆಕ್ಕಕ್ಕೆ ಬಂತು; ಅಂದು ಇಡೀ ಹೆದ್ದಾರಿ ಬಸ್ಸಿನ ವೇಗದಲ್ಲೇ ನಡೆಯಿತು. ಬಿಚ್ಚಿಟ್ಟೆ. ಸಂದೇಶವನ್ನು ಎರಡು ಪುಟ ಮಾಡಿ ಬದಲಾಯಿಸುವ ಪ್ರಯೋಗವೂ ಬಾಳಲಿಲ್ಲ, ಎರಡನೆಯ ಪುಟಕ್ಕಾಗಿ ಚಾಲಕರು ಬ್ರೇಕ್ ಒತ್ತುತ್ತಿದ್ದರು. ಅಕ್ಷರ 45 ಸೆಂಟಿಮೀಟರ್ ಎತ್ತರವಿದ್ದು 250 ಮೀಟರ್‌ನಿಂದ ಕಂಡರೂ ಗಂಟೆಗೆ 100ರಲ್ಲಿ ಓದಲು ಸಿಗುವುದು 9 ಸೆಕೆಂಡ್. ಅದಕ್ಕೆ ಮೂರು ಸಾಲೇ ಹೆಚ್ಚು.

ವೇಗಮಿತಿಯಲ್ಲಿ ಹೋದರೆ ಹಿಡಿಯುವುದಕ್ಕಿಂತ ಕಡಿಮೆ ನಿಮಿಷವನ್ನು ಫಲಕ ಎಂದೂ ತೋರಿಸದು. ತೋರಿಸಿದರೆ ಅದನ್ನು ಸೋಲಿಸಲು ಹೊರಡುವವರು ಇದ್ದಾರೆ. ಮಾಹಿತಿ ಹಳತಾದರೆ ಆರುತ್ತದೆ. ಸುಳ್ಳಿಗಿಂತ ಕತ್ತಲೆ ಲೇಸು.

ಹಣ ನುಂಗುವುದು ಎಲ್‌ಇಡಿಯಲ್ಲ, ರಸ್ತೆಗೆ ಅಡ್ಡಲಾಗಿ ನಿಂತು ಅದನ್ನು ಹೊರುವ ಗ್ಯಾಂಟ್ರಿ, ಅಡಿಪಾಯ, ಕೇಬಲ್. ನಮ್ಮಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಹೋಯಿತು. ರೀಡರ್‌ಗಳೆಲ್ಲ ಸೇರಿ ಹತ್ತನೇ ಒಂದು ಭಾಗ ಇದ್ದಿರಬೇಕು, ಸೌರಫಲಕ ಮತ್ತು ಸಿಮ್ ಸೇರಿ; ಇದ್ದ ಕಂಬಗಳಿಗೇ ಕಟ್ಟಿದ್ದರಿಂದ ಉಳಿಯಿತು.

ಕಾರಿನಲ್ಲಿ ಕುಳಿತು ಸ್ಟಾಪ್‌ವಾಚ್ ಹಿಡಿದು ನೋಡಿದರೆ ವ್ಯತ್ಯಾಸ ಹೆಚ್ಚೆಂದರೆ ಶೇಕಡಾ 10ರ ಆಸುಪಾಸು. ಹಿಂದೆ ಕಡತಕ್ಕೆ "ಅನಗತ್ಯ" ಎಂದು ಷರಾ ಬರೆದಿದ್ದ ಅಧಿಕಾರಿ ಈಗ ಪಕ್ಕದ ಹೆದ್ದಾರಿಗೂ ಕೇಳಿದ್ದಾರೆ, ಗ್ಯಾಂಟ್ರಿಗೆ ಹಣವಿಲ್ಲವೆಂಬ ಷರತ್ತಿನೊಂದಿಗೆ. ರಸ್ತೆ ಬದಿಯ ಕಂಬದ ಮೇಲೆ ಎರಡೇ ಸಾಲಿನ ಸಣ್ಣ ಫಲಕ ಇಡುವ ನಕ್ಷೆ ಕಳಿಸಿದ್ದೇನೆ.