ಫೆನ್ವೇ ಪಾರ್ಕ್: ಕಂಬದ ಮರೆ ತಪ್ಪಿಸಿಕೊಂಡು ಬೇಸ್‌ಬಾಲ್ ನೋಡುವುದು ಹೇಗೆ

ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ನೋಡಿದವರಿಗೆ ಗೊತ್ತು, ತಡವಾಗಿ ಹೋದವರಿಗೆ ಸಿಗುತ್ತಿದ್ದುದು ಕಂಬದ ಹಿಂದಿನ ಜಾಗ. ಬಾಸ್ಟನ್ನಿನ ಫೆನ್ವೇ ಪಾರ್ಕಿನಲ್ಲಿ ಅಂಥದೇ ಜಾಗಕ್ಕೆ ಡಾಲರ್ ಎಣಿಸಿ ಕೂರುವವರು ಇವತ್ತಿಗೂ ಇದ್ದಾರೆ. ಅಮೆರಿಕದ ಅಗ್ರ ಲೀಗಾದ ಮೇಜರ್ ಲೀಗ್ ಬೇಸ್‌ಬಾಲ್ (ಎಂಎಲ್‌ಬಿ) ಮೈದಾನಗಳಲ್ಲೇ ಅತಿ ಹಳೆಯದು ಇದು. ಬಾಸ್ಟನ್ನಿನ ರೆಡ್ ಸಾಕ್ಸ್ ತಂಡ ಇಲ್ಲಿ ಮೊದಲ ಲೀಗ್ ಪಂದ್ಯ ಆಡಿದ್ದು 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿದ ಐದು ದಿನಕ್ಕೆ. 1999ರಲ್ಲಿ ಹೊಸ ಮೈದಾನ ಕಟ್ಟುವ ಯೋಜನೆ ಬಂದಿತ್ತು. 2002ರಲ್ಲಿ ತಂಡವನ್ನು ಕೊಂಡ ಮಾಲೀಕರು ಅದನ್ನು ಕೈಬಿಟ್ಟು ಹಳೆಯದನ್ನೇ ದುರಸ್ತಿ ಮಾಡಿಸಿದರು. ಹೀಗಾಗಿ ಹಳೇ ತೊಟ್ಟಿಮನೆಯ ಸುಖದ ಜೊತೆಗೆ ಅದರ ತೊಂದರೆಗಳೂ ಉಳಿದುಕೊಂಡವು. ಯಾವ ತೊಂದರೆ ನಿಮಗೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಮೊದಲೇ ಗೊತ್ತುಮಾಡಿಕೊಂಡು ಟಿಕೆಟ್ ಕೊಳ್ಳಬೇಕು. ಇಲ್ಲವಾದರೆ ಮೂರು ತಾಸು ಕತ್ತು ತಿರುಗಿಸಿಕೊಂಡೇ ಕೂರಬೇಕಾದೀತು.

ಮೊದಲು ಮೈದಾನದ ಸೊಟ್ಟ ಅರ್ಥವಾಗಲಿ

ಬೇಸ್‌ಬಾಲಿನಲ್ಲಿ ಬ್ಯಾಟರ್ ಓಡಿ ಮುಟ್ಟಬೇಕಾದ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ. ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಈ ಅಳತೆಗಳು ಎಲ್ಲ ಮೈದಾನಗಳಲ್ಲೂ ಒಂದೇ. ಆದರೆ ಹೊರಗೋಡೆ ಎಷ್ಟು ದೂರ, ಎಷ್ಟು ಎತ್ತರ ಎಂಬುದು ಮೈದಾನಕ್ಕೊಂದು ಥರ. ಫೆನ್ವೇಯನ್ನು ಊರ ನಡುವಿನ ಒಂದು ಅಂಕುಡೊಂಕು ನಿವೇಶನದಲ್ಲಿ ಕೂರಿಸಿದ್ದಾರೆ. ಬ್ಯಾಟರ್ ಕಡೆಯಿಂದ ನೋಡಿದರೆ ಎಡಗಡೆ ಲ್ಯಾನ್ಸ್‌ಡೌನ್ ಸ್ಟ್ರೀಟ್ ಅಡ್ಡ ಬಂದು ಗೋಡೆಯನ್ನು ಹಿಂದೆ ಸರಿಸಲು ಜಾಗವೇ ಉಳಿಯಲಿಲ್ಲ, ಅದಕ್ಕೇ ಮೇಲಕ್ಕೆ ಎತ್ತಿದರು. ಹೋಮ್ ಪ್ಲೇಟಿನಿಂದ ಎಡ ತುದಿಗೆ ಬರೇ 310 ಅಡಿ ದೂರ, ಗೋಡೆಯ ಎತ್ತರ ಮಾತ್ರ 37 ಅಡಿ 2 ಇಂಚು. 1947ರಲ್ಲಿ ಹಸಿರು ಬಣ್ಣ ಬಳಿದ ಮೇಲೆ ಇದು ಗ್ರೀನ್ ಮಾನ್‌ಸ್ಟರ್ ಎಂದು ಹೆಸರಾಯಿತು. ಬಲ ತುದಿಯ ಗಡಿ ಗುರುತಿಸುವ ಪೆಸ್ಕಿ ಕಂಬ ಇನ್ನೂ ಹತ್ತಿರ, 302 ಅಡಿ. ಇವೆರಡರ ನಡುವೆ, ಮಧ್ಯದಿಂದ ತುಸು ಬಲಕ್ಕೆ, ಗೋಡೆ ಒಳಮಡಚಿ 420 ಅಡಿ ದೂರದ ಒಂದು ಮೂಲೆಯಾಗಿದೆ.

ಈ ಸೊಟ್ಟದಿಂದ ಇನ್ನೊಂದು ಲಾಭವೂ ಆಯಿತು. ಆಟದ ಅಂಗಳದ ಎರಡು ಬದಿಯ ಗಡಿಯಾದ ಫೌಲ್ ಗೆರೆಯ ಆಚೆ ಖಾಲಿ ಜಾಗ ಬಹಳ ಕಡಿಮೆ, ಹಾಗಾಗಿ ಸೀಟುಗಳು ಆಟಗಾರರ ಮೈಮೇಲೇ ಇದ್ದಂತಿವೆ. ಹಗಲು 37,305, ರಾತ್ರಿ 37,755 ಜನ ಹಿಡಿಸುವ ಜಾಗದಲ್ಲಿ ಬ್ಯಾಟಿನ ಸದ್ದು ಹಿಂದಿನ ಸಾಲಿಗೂ ಕೇಳುತ್ತದೆ. ಹಗಲಿಗೂ ರಾತ್ರಿಗೂ ಸಂಖ್ಯೆ ಬೇರೆ ಯಾಕೆಂದರೆ, ಬಿಳಿ ಚೆಂಡಿನ ಹಿಂದೆ ಬ್ಯಾಟರ್‌ಗೆ ಕಡು ಬಣ್ಣದ ಹಿನ್ನೆಲೆ ಬೇಕು. ಕ್ರಿಕೆಟ್ಟಿನ ಸೈಟ್ ಸ್ಕ್ರೀನ್ ಇದ್ದ ಹಾಗೆ. ಅದಕ್ಕಾಗಿ ಹಗಲು ಪಂದ್ಯಗಳಲ್ಲಿ ಎದುರಿನ ಒಂದಷ್ಟು ಸೀಟುಗಳಿಗೆ ಟಾರ್ಪಾಲು ಹೊದಿಸುತ್ತಾರೆ.

ಸೀಟು ಆರಿಸುವಾಗ

ಟಿಕೆಟ್ ಮೊಬೈಲಿನಲ್ಲೇ ಬರುತ್ತದೆ, ಎಂಎಲ್‌ಬಿಯ ಬಾಲ್‌ಪಾರ್ಕ್ ಆ್ಯಪ್ ಹಾಕಿಕೊಳ್ಳಿ. ಋತುವಿನಲ್ಲಿ ತವರಿನ ಪಂದ್ಯಗಳೇ 81 ಇರುವುದರಿಂದ ಇಂಥದೇ ದಿನ ಎಂದು ಹಟ ಹಿಡಿಯಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳ ವಾರದ ನಡುವಿನ ದಿನಗಳಲ್ಲಿ ಬೆಲೆ ಇಳಿದಿರುತ್ತದೆ. ಹಳೆಯ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ಬರುವ ದಿನ ಏರುತ್ತದೆ.

ಛಾವಣಿಯ ಕೆಳಗಿನ ಗ್ರ್ಯಾಂಡ್‌ಸ್ಟ್ಯಾಂಡಿನ ಸೆಕ್ಷನ್ ಸಂಖ್ಯೆ ಬಲ ಮೂಲೆಯಲ್ಲಿ 1ರಿಂದ ಶುರುವಾಗುತ್ತದೆ. 20ರ ಆಸುಪಾಸಿನವು ಹೋಮ್ ಪ್ಲೇಟಿನ ಹಿಂದೆ, 33 ಎಡಗೋಡೆಯ ಪಕ್ಕ. 34ರಿಂದ 43ರವರೆಗಿನದು ಎದುರುಗಡೆಯ ಬಯಲು ಗ್ಯಾಲರಿ, ಅದನ್ನು ಬ್ಲೀಚರ್ಸ್ ಎನ್ನುತ್ತಾರೆ. ಈ ಲೆಕ್ಕ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು.

ತಪ್ಪಾಗುವುದು ಹೆಚ್ಚಾಗಿ 1ರಿಂದ 8ರೊಳಗಿನ ಸೆಕ್ಷನ್‌ಗಳಲ್ಲಿ. ನಕ್ಷೆಯಲ್ಲಿ ಮೈದಾನಕ್ಕೆ ಅಂಟಿಕೊಂಡಂತೆ ಕಾಣುತ್ತವೆ, ಬೆಲೆಯೂ ಮಿತ. ಕೂತ ಮೇಲೆ ಗೊತ್ತಾಗುತ್ತದೆ, ಕುರ್ಚಿಯ ಮುಖ ಮೈದಾನದ ಮಧ್ಯಕ್ಕಿದೆ, ಬ್ಯಾಟರ್ ಇರುವುದು ನಿಮ್ಮ ಎಡಕ್ಕೆ. ಕುರ್ಚಿಯನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿರುವುದರಿಂದ ತಿರುಗುವುದು ಕತ್ತೇ. ಪಂದ್ಯದ ಒಂಬತ್ತು ಇನ್ನಿಂಗ್ಸ್ ಅಷ್ಟೂ ಎಡಕ್ಕೆ ತಿರುಗಿ ನೋಡಿದರೆ ಮಾರನೆಯ ದಿನ ಅಮೃತಾಂಜನ ಬೇಕಾಗುತ್ತದೆ. ಕತ್ತು ನೋವಿರುವವರು, ವಯಸ್ಸಾದವರು ಈ ಕಡೆ ತಲೆ ಹಾಕದಿರುವುದೇ ಒಳ್ಳೆಯದು.

ಇನ್ನು ಕಂಬಗಳು. ಛಾವಣಿಯನ್ನೂ ಅದರ ಮೇಲಿನ ಸೀಟುಗಳನ್ನೂ ಉಕ್ಕಿನ ಕಂಬಗಳು ಹೊತ್ತಿವೆ, ಆ ಕಂಬಗಳು ಪ್ರೇಕ್ಷಕರ ನಡುವೆಯೇ ನಿಂತಿವೆ. ಹೊಸ ಮೈದಾನಗಳಲ್ಲಿ ಕಂಬವಿಲ್ಲದೆ ಚಾಚುವ ತೊಲೆಗಳನ್ನು ಬಳಸುತ್ತಾರೆ. ಆಗ ಯಾರಿಗೂ ಮರೆಯಾಗದು, ಆದರೆ ಮೇಲಂತಸ್ತು ಹಿಂದೆ ಸರಿದು ಮೈದಾನ ದೂರವಾಗುತ್ತದೆ. ಫೆನ್ವೇಯಲ್ಲಿ ಮೇಲೆ ಕೂತವರಿಗೂ ಆಟ ಹತ್ತಿರ ಕಾಣುವುದು ಕೆಳಗೆ ಕೆಲವರು ಕಂಬ ನೋಡಿಕೊಂಡು ಕೂತಿರುವುದರಿಂದ. ಆ ಕೆಲವರಲ್ಲಿ ಒಬ್ಬರಾಗದಿರಲು ಹೀಗೆ ಮಾಡಿ. ಟಿಕೆಟಿನ ವಿವರದಲ್ಲಿ ಅಬ್‌ಸ್ಟ್ರಕ್ಟೆಡ್ ವ್ಯೂ, ಅಂದರೆ ನೋಟಕ್ಕೆ ಅಡ್ಡಿ, ಎಂದಿದೆಯೇ ನೋಡಿ. ಮರುಮಾರಾಟದ ತಾಣಗಳಲ್ಲಿ ಈ ಮಾತು ಸಣ್ಣ ಅಕ್ಷರದಲ್ಲಿ ಅಡಗಿರಬಹುದು. ಆಮೇಲೆ ಅದೇ ಸೆಕ್ಷನ್, ಅದೇ ಸಾಲಿನಿಂದ ಬೇರೆಯವರು ತೆಗೆದು ಹಾಕಿದ ಫೋಟೊ ಹುಡುಕಿ. ಸೆಕ್ಷನ್ ಒಂದೇ ಆದರೆ ಸಾಲದು, ಸೀಟಿನ ಸಂಖ್ಯೆಯೂ ಹತ್ತಿರವಿರಬೇಕು, ಯಾಕೆಂದರೆ ಎರಡು ಸೀಟು ಪಕ್ಕಕ್ಕೆ ಸರಿದರೂ ಮರೆಯಾಗುವ ಜಾಗ ಬದಲಾಗುತ್ತದೆ. ಹೆಬ್ಬೆರಳನ್ನು ಕಣ್ಣಿಗೆ ಹತ್ತಿರ ಹಿಡಿದರೆ ಇಡೀ ಬಾಗಿಲು ಮುಚ್ಚುತ್ತದೆ, ಕೈ ಚಾಚಿ ಹಿಡಿದರೆ ಚಿಲಕ ಮಾತ್ರ. ಕಂಬದ್ದೂ ಅದೇ ಲೆಕ್ಕ: ಅದರ ಹಿಂದಿನ ಮೊದಲೆರಡು ಸಾಲು ಬೇಡವೇ ಬೇಡ, ಏಳೆಂಟು ಸಾಲು ಹಿಂದಿದ್ದರೆ ತಡೆದುಕೊಳ್ಳಬಹುದು. ಕಂಬ ಯಾವುದನ್ನು ಮುಚ್ಚುತ್ತದೆ ಎಂಬುದೂ ಮುಖ್ಯ. ಬಲಮೂಲೆಯ ಒಂದು ಚೂರು ಹೋದರೆ ನಷ್ಟವಿಲ್ಲ. ಪಿಚರ್ ಇಲ್ಲವೇ ಹೋಮ್ ಪ್ಲೇಟ್ ಹೋದರೆ ರೇಡಿಯೊ ಕೇಳಿದ ಹಾಗೆ.

ಹಾಗೆಂದು ತೀರಾ ಹಿಂದಕ್ಕೂ ಹೋಗಬೇಡಿ. ಕೊನೆಯ ಸಾಲುಗಳಲ್ಲಿ ಛಾವಣಿಯ ಅಂಚು ಕಣ್ಣಿಗೆ ಅಡ್ಡ ಬಂದು, ಮೇಲೆ ಹಾರಿದ ಚೆಂಡು ಕಾಣದೇ ಹೋಗುತ್ತದೆ. ಚೆಂಡು ಎಲ್ಲಿ ಬಿತ್ತು ಎಂದು ಮುಂದಿನವರ ಕೂಗಿನಿಂದ ತಿಳಿಯಬೇಕು. ಗ್ರ್ಯಾಂಡ್‌ಸ್ಟ್ಯಾಂಡಿನ ಮೊದಲ ಸಾಲಿಗೆ ಬೇರೆಯದೇ ಕಾಟ, ಮುಂದೆಯೇ ಓಡಾಡುವ ಹಾದಿ. ಆಟ ಬಿರುಸಾದಾಗಲೇ ಯಾರೋ ಪಾಪ್‌ಕಾರ್ನ್ ಹಿಡಿದು ಎದುರು ನಿಲ್ಲುತ್ತಾರೆ. ಮೊದಲ ಸಲ ಹೋಗುವವರಿಗೆ 14ರಿಂದ 28ರೊಳಗಿನ ಸೆಕ್ಷನ್‌ನಲ್ಲಿ, ನಡುವಿನ ಸಾಲಿನಲ್ಲಿ, ಕಂಬವಿಲ್ಲದ ಸೀಟು ಸಿಕ್ಕರೆ ಬೇರೆ ಹುಡುಕಬೇಡಿ.

ಇಲ್ಲಿನ ನೀಲಿ ಮರದ ಕುರ್ಚಿಗಳು 1934ರ ನವೀಕರಣದ ಕಾಲದವು. ಅಗಲ ಕಡಿಮೆ, ಮಂಡಿ ಮುಂದಿನ ಕುರ್ಚಿಗೆ ತಾಗುತ್ತದೆ. ಎತ್ತರದವರು ಸಾಲಿನ ತುದಿಯ ಸೀಟು ಕೇಳಿ. ಕಾಲು ಚಾಚಬಹುದು, ಆದರೆ ಪ್ರತಿ ಹತ್ತು ನಿಮಿಷಕ್ಕೆ ಯಾರಿಗಾದರೂ ಎದ್ದು ದಾರಿ ಬಿಡಬೇಕು.

ಮಾನ್‌ಸ್ಟರ್ ಗೋಡೆಯ ನೆತ್ತಿಯ ಮೇಲೆ 2003ರಲ್ಲಿ ಸುಮಾರು 270 ಸೀಟು ಹಾಕಿದರು. ದುಬಾರಿ, ಸಿಗುವುದೂ ಕಷ್ಟ, ಫೋಟೊ ಚೆನ್ನಾಗಿ ಬರುತ್ತದೆ. ಕಾಲಡಿಯಲ್ಲೇ ಗೋಡೆಗೆ ಬಡಿಯುವ ಚೆಂಡು ಮಾತ್ರ ಅಲ್ಲಿಂದ ಕಾಣಿಸದು. ಅದಕ್ಕಿಂತ ಬಲ ಬ್ಲೀಚರ್ಸ್ ಲೇಸು. ಬುಲ್‌ಪೆನ್ನಿನಲ್ಲಿ ಬದಲಿ ಪಿಚರ್‌ಗಳು ಕೈ ಕಾಯಿಸಿಕೊಳ್ಳುವುದನ್ನು ಹತ್ತಿರದಿಂದ ನೋಡಬಹುದು.

ಬಿಸಿಲು, ಚಳಿ, ಮಳೆ

ಹೋಮ್ ಪ್ಲೇಟಿನಿಂದ ಮೈದಾನದ ಮಧ್ಯಕ್ಕೆ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಈಶಾನ್ಯಕ್ಕೆ ಹೋಗುತ್ತದೆ. ಹಾಗಾಗಿ ಮಧ್ಯಾಹ್ನದ ಸೂರ್ಯ ಎಡಬದಿಯ ಮೂರನೇ ಬೇಸಿನ ಕಡೆಯವರ ಬೆನ್ನಿಗೆ, ಬ್ಲೀಚರ್ಸ್ ಮತ್ತು ಬಲ ಮೂಲೆಯವರ ಕಣ್ಣಿಗೆ. ಜುಲೈ ಹಗಲು ಪಂದ್ಯಕ್ಕೆ ಬ್ಲೀಚರ್ಸ್ ಟಿಕೆಟ್ ತೆಗೆದುಕೊಂಡರೆ ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ. ನೆರಳೆಂಬುದೇ ಇಲ್ಲ. ಏಪ್ರಿಲ್‌ನಲ್ಲಿ ಇದು ತಿರುವುಮುರುವು: ಛಾವಣಿಯ ಕೆಳಗೆ ಬಿಸಿಲು ತಾಗದೆ, ಗಾಳಿ ಬೀಸಿ, ಕೈ ಮರಗಟ್ಟುತ್ತದೆ. ರಾತ್ರಿ ಪಂದ್ಯಕ್ಕೆ ಸ್ವೆಟರ್ ಸಾಲದು, ದಪ್ಪ ಜಾಕೆಟ್ಟೇ ಬೇಕು. ಮಳೆಗೆ ಮಾತ್ರ ಗ್ರ್ಯಾಂಡ್‌ಸ್ಟ್ಯಾಂಡಿನಷ್ಟು ಸುಖ ಬೇರೆಲ್ಲೂ ಇಲ್ಲ. ಮಳೆಯಿಂದ ಪಂದ್ಯ ಮುಂದೂಡಿದರೆ ಸಾಮಾನ್ಯವಾಗಿ ಅದೇ ಟಿಕೆಟ್ ಹೊಸ ದಿನಕ್ಕೆ ನಡೆಯುತ್ತದೆ.

ಆಟದ ಜೊತೆ ಗೋಡೆಯನ್ನೂ ನೋಡಿ

ಎಡಗಡೆಗೆ ಎತ್ತರಕ್ಕೆ ಹಾರಿದ ಸಾಧಾರಣ ಹೊಡೆತ, ಬೇರೆ ಮೈದಾನದಲ್ಲಾದರೆ ಸುಲಭದ ಕ್ಯಾಚ್, ಇಲ್ಲಿ ಗೋಡೆ ದಾಟಿ ಕ್ರಿಕೆಟ್ಟಿನ ಸಿಕ್ಸರಿನಂಥ ಹೋಮ್ ರನ್ ಆಗಿಬಿಡುತ್ತದೆ. 1978ರಲ್ಲಿ ಯಾಂಕೀಸಿನ ಬಕಿ ಡೆಂಟ್ ಹೊಡೆದದ್ದು ಇಂಥದೇ. ಬಾಸ್ಟನ್ನಿಗರು ಆ ಹೆಸರನ್ನು ಬೈಗುಳ ಸೇರಿಸದೆ ಹೇಳುವುದಿಲ್ಲ. ಅದೇ, ಗುಂಡಿನ ಹಾಗೆ ನೇರ ಹೋದ ಚೆಂಡು, ಬೇರೆಡೆ ಮೈದಾನದಾಚೆ ಹೋಗಬೇಕಾದದ್ದು, ಇಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಆಗ ಚೆಂಡನ್ನಲ್ಲ, ಎಡ ಫೀಲ್ಡರನ್ನು ನೋಡಿ. ಪಳಗಿದವನು ಗೋಡೆಯತ್ತ ಓಡದೆ, ಪುಟಿದು ಬರುವ ಜಾಗದಲ್ಲಿ ಮೊದಲೇ ನಿಂತು, ಬ್ಯಾಟರನ್ನು ಒಂದನೇ ಬೇಸಿನಲ್ಲೇ ತಡೆಯುತ್ತಾನೆ. ಹೊಸಬ ಗೋಡೆಯ ಬುಡಕ್ಕೆ ಓಡಿದಾಗ ಚೆಂಡು ಅವನ ತಲೆ ಮೇಲಿಂದ ಹಿಂದಕ್ಕೆ ಹಾರಿರುತ್ತದೆ.

ಗೋಡೆಗೆ ಆನಿಸಿದ ಏಣಿಯೊಂದು ಕಾಣುತ್ತದೆ. ಮೇಲೆ ಸೀಟು ಬರುವ ಮೊದಲು ಅಲ್ಲಿದ್ದ ಬಲೆಯಿಂದ ಚೆಂಡು ತೆಗೆಯಲು ಇಟ್ಟದ್ದು. ಬಲೆ ಹೋಯಿತು, ಏಣಿ ಹಾಗೇ ಇದೆ. ಬುಡದ ಸ್ಕೋರ್‌ಬೋರ್ಡಿಗೆ ಇವತ್ತಿಗೂ ಒಳಗೆ ಕೂತವರು ಕೈಯಿಂದ ಅಂಕಿಯ ಹಲಗೆ ಸೇರಿಸುತ್ತಾರೆ. ಅದರ ಲಂಬ ಪಟ್ಟಿಯಲ್ಲಿನ ಚುಕ್ಕೆ-ಗೆರೆಗಳು ಹಳೆಯ ಮಾಲೀಕ ಟಾಮ್ ಯಾಕಿ ಮತ್ತು ಅವರ ಹೆಂಡತಿ ಜೀನ್ ಹೆಸರಿನ ಮೊದಲಕ್ಷರಗಳ ಮೋರ್ಸ್ ಸಂಕೇತ. ಮೈದಾನವನ್ನು 1930ರ ದಶಕದಲ್ಲಿ ದುರಸ್ತಿ ಮಾಡಿಸಿದ್ದು ಇದೇ ಯಾಕಿ. 1945ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಇಲ್ಲಿಗೆ ಬಂದು ಆಡಿ ತೋರಿಸಿದರೂ ತಂಡ ಸೇರಿಸಿಕೊಳ್ಳಲಿಲ್ಲ. ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಲು ರೆಡ್ ಸಾಕ್ಸ್‌ಗೆ 1959 ಬೇಕಾಯಿತು, ಲೀಗಿನಲ್ಲೇ ಕೊನೆ. ಈ ಕಳಂಕದಿಂದಾಗಿಯೇ 2018ರಲ್ಲಿ ಹೊರಗಿನ ಯಾಕಿ ವೇ ಬೀದಿಗೆ ಮೊದಲಿನ ಜರ್ಸಿ ಸ್ಟ್ರೀಟ್ ಹೆಸರು ಮರಳಿತು. ಹಳೆಯ ನಕ್ಷೆ ಹಿಡಿದು ಹೋದವರು ಗೊಂದಲಕ್ಕೆ ಬೀಳುವುದು ಇಲ್ಲೇ.

ಬೇಗ ಒಳಗೆ ಹೋದರೆ 42ನೇ ಸೆಕ್ಷನ್, 37ನೇ ಸಾಲು, 21ನೇ ಸೀಟು ಹುಡುಕಿ. ಹಸಿರು ಕುರ್ಚಿಗಳ ನಡುವೆ ಅದೊಂದೇ ಕೆಂಪು. 1946ರ ಜೂನ್ 9ರಂದು ರೆಡ್ ಸಾಕ್ಸಿನ ಟೆಡ್ ವಿಲಿಯಮ್ಸ್ ಹೊಡೆದ 502 ಅಡಿಯ ಹೋಮ್ ರನ್ ಬಂದು ಬಿದ್ದ ಜಾಗ. ಅಲ್ಲಿಂದ ತಿರುಗಿ ಹೋಮ್ ಪ್ಲೇಟ್ ನೋಡಿದರೆ 153 ಮೀಟರ್ ಅಂದರೆ ಎಷ್ಟು ಎಂದು ತಿಳಿಯುತ್ತದೆ.

ಹೋಗುವುದು, ತಿನ್ನುವುದು, ಹೊರಬರುವುದು

ಕಾರು ಬೇಡ. ಸುತ್ತಲಿನ ಪಾರ್ಕಿಂಗ್ ದರ ಟಿಕೆಟಿನ ದರಕ್ಕೇ ಸಮನಾಗುವುದುಂಟು. ಸಬ್‌ವೇಯ ಗ್ರೀನ್ ಲೈನಿನಲ್ಲಿ ಬಿ, ಸಿ ಅಥವಾ ಡಿ ರೈಲು ಹಿಡಿದು ಕೆನ್‌ಮೋರ್‌ನಲ್ಲಿ ಇಳಿಯಿರಿ. ಇ ರೈಲು ಹತ್ತಿದರೆ ಬೇರೆ ದಿಕ್ಕಿಗೆ ಹೋಗುತ್ತೀರಿ. ಕನ್ನಡಿಗರೂ ಸೇರಿ ಭಾರತೀಯ ಕುಟುಂಬಗಳು ಬಹಳಷ್ಟಿರುವ ಆಶ್‌ಲೆಂಡ್, ವೆಸ್ಟ್‌ಬರೊ ಕಡೆಯಿಂದ ಬರುವವರಿಗೆ ವುಸ್ಟರ್ ಮಾರ್ಗದ ಕಮ್ಯೂಟರ್ ರೈಲು ಮೈದಾನದ ಪಕ್ಕದ ಲ್ಯಾನ್ಸ್‌ಡೌನ್ ನಿಲ್ದಾಣದಲ್ಲೇ ಇಳಿಸುತ್ತದೆ. ಏಪ್ರಿಲ್ ಮೂರನೇ ಸೋಮವಾರ ಪಂದ್ಯ ಬೆಳಿಗ್ಗೆಯೇ ಶುರು. ಅಂದೇ ಬಾಸ್ಟನ್ ಮ್ಯಾರಥಾನ್ ಕೆನ್‌ಮೋರ್ ಮೂಲಕ ಹಾಯುವುದರಿಂದ ರಸ್ತೆಗಳು ಮುಚ್ಚಿರುತ್ತವೆ.

ಬೆನ್ನಿಗೆ ಹಾಕುವ ಬ್ಯಾಗು ತರಬೇಡಿ, ಗೇಟಿನಲ್ಲೇ ತಡೆಯುತ್ತಾರೆ. ಕೈಚೀಲದ ಅಳತೆಯ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ದಿನ ತಂಡದ ಜಾಲತಾಣ ನೋಡಿ. ಒಳಗೆ ನಗದು ನಡೆಯದು, ಕಾರ್ಡ್ ಇರಲಿ. ಹೆಸರಾಂತ ಫೆನ್ವೇ ಫ್ರ್ಯಾಂಕ್ ಮಾಂಸದ ಹಾಟ್ ಡಾಗ್. ಸಸ್ಯಾಹಾರಿಗಳಿಗೆ ಕಡಲೆಕಾಯಿ, ಪಾಪ್‌ಕಾರ್ನ್, ಫ್ರೆಂಚ್ ಫ್ರೈಸ್, ಚೀಸ್ ಪಿಜ್ಜಾ. ಹೊಟ್ಟೆ ತುಂಬಬೇಕಾದರೆ ಮನೆಯಲ್ಲೇ ಉಂಡು ಬರುವುದು ವಾಸಿ.

ಒಳಹಾದಿಗಳು 1912ರ ಅಂದಾಜಿನವು, ಬಲು ಇಕ್ಕಟ್ಟು. ಶೌಚಾಲಯಕ್ಕೆ, ತಿಂಡಿಗೆ ಎರಡು ಇನ್ನಿಂಗ್ಸ್‌ಗಳ ಬಿಡುವಿನಲ್ಲಿ ಎದ್ದರೆ ಇಡೀ ಮೈದಾನವೇ ಎದ್ದಿರುತ್ತದೆ. ಮೂರನೆಯ ಅಥವಾ ನಾಲ್ಕನೆಯ ಇನ್ನಿಂಗ್ಸ್‌ನಲ್ಲಿ, ಎದುರಾಳಿ ಬ್ಯಾಟ್ ಮಾಡುತ್ತಿರುವಾಗ ಹೋಗಿಬನ್ನಿ. ಎಂಟನೆಯದರ ನಡುವೆ ಮಾತ್ರ ಏಳಬೇಡಿ. ಗೆಲುವೋ ಸೋಲೋ, ಆಗ ಎಲ್ಲರೂ ನಿಂತು ಒಂದೇ ಹಾಡನ್ನು ಒಕ್ಕೊರಲಿನಿಂದ ಹಾಡುತ್ತಾರೆ.

ಪಂದ್ಯ ಮುಗಿದ ಕೂಡಲೇ ಕೆನ್‌ಮೋರ್ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರದು. ಇಪ್ಪತ್ತು ನಿಮಿಷ ಸೀಟಿನಲ್ಲೇ ಕೂತಿರಿ, ಇಲ್ಲವೇ ಊರ ಕಡೆ ಕಾಲು ಗಂಟೆ ನಡೆದು ಮುಂದಿನ ಹೈನ್ಸ್ ನಿಲ್ದಾಣದಲ್ಲಿ ಹತ್ತಿ. ಕಮ್ಯೂಟರ್ ರೈಲಿನವರು ರಾತ್ರಿಯ ಕೊನೆಯ ಗಾಡಿಯ ಹೊತ್ತನ್ನು ಬರುವಾಗಲೇ ನೋಡಿಟ್ಟುಕೊಂಡಿರಬೇಕು. ಬೇಸ್‌ಬಾಲಿನಲ್ಲಿ ಡ್ರಾ ಇಲ್ಲ, ಒಂಬತ್ತರಲ್ಲಿ ಸಮವಾದರೆ ಹತ್ತು, ಹನ್ನೊಂದು ಎಂದು ಆಟ ಎಳೆಯುತ್ತದೆ. ಇಲ್ಲಿನ ಮೊದಲ ಪಂದ್ಯವೇ ಹನ್ನೊಂದನೇ ಇನ್ನಿಂಗ್ಸ್‌ವರೆಗೆ ಹೋಗಿತ್ತು.