ಕನ್‌ಸ್ಟ್ರಕ್ಟರ್ ಸಾಲಿನಲ್ಲಿ ಇಲ್ಲದ ಕವಲುಗಳು

ಆ್ಯಂಗ್ಯುಲರ್ (ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ಕಾಂಪೊನೆಂಟ್ ಒಂದಕ್ಕೆ ಜೆಸ್ಟ್ ಎಂಬ ಪರೀಕ್ಷಾ ಸಾಧನದಲ್ಲಿ ಪರೀಕ್ಷೆ ಬರೆದಿದ್ದೆ. ಸಾಲುಗಳ ಕವರೇಜ್ (ಪರೀಕ್ಷೆಯಲ್ಲಿ ಓಡಿದ ಸಾಲುಗಳ ಪಾಲು) 100%, ಬ್ರ್ಯಾಂಚ್ ಕವರೇಜ್ (ಓಡಿದ ಕವಲುಗಳ ಪಾಲು) ಮಾತ್ರ ಕಡಿಮೆ. ವರದಿ ಬೊಟ್ಟು ಮಾಡುತ್ತಿದ್ದುದು ಕನ್‌ಸ್ಟ್ರಕ್ಟರ್ (ಕ್ಲಾಸಿನ ಆಬ್ಜೆಕ್ಟ್ ಹುಟ್ಟುವಾಗ ಓಡುವ ಭಾಗ) ಸಾಲಿನತ್ತ. ಅಲ್ಲಿದ್ದದ್ದು ಒಂದು ಸರ್ವಿಸ್‌ನ ಇಂಜೆಕ್ಷನ್ (ಬೇಕಾದ ಸರ್ವಿಸನ್ನು ಆ್ಯಂಗ್ಯುಲರ್ ಒದಗಿಸುವುದು), ಅಷ್ಟೇ. ಇಫ್ ಇಲ್ಲ, ಟರ್ನರಿ (ಒಂದೇ ಸಾಲಿನ ಇಫ್-ಎಲ್ಸ್) ಇಲ್ಲ.

ಟೈಪ್‌ಸ್ಕ್ರಿಪ್ಟ್ ಕಂಪೈಲರ್ ನನ್ನ ಕೋಡಿನಿಂದ ಹೊರಹಾಕಿದ ಜಾವಾಸ್ಕ್ರಿಪ್ಟನ್ನು ತೆರೆದು ನೋಡಿದಾಗ ಗುಟ್ಟು ಬಯಲಾಯಿತು. ಐಸೊಲೇಟೆಡ್‌ಮಾಡ್ಯೂಲ್ಸ್ ಎಂಬ ಸೆಟ್ಟಿಂಗ್ ಆನ್ ಆಗಿದ್ದರೆ ಜೆಸ್ಟ್ ಪರೀಕ್ಷೆಯಲ್ಲಿ ಕಂಪೈಲರ್ ಒಂದೊಂದೇ ಕಡತವನ್ನು ನೋಡುತ್ತದೆ. ಇಂಪೋರ್ಟ್ ಆದ ಹೆಸರು ಕ್ಲಾಸೋ ಬರೀ ಇಂಟರ್‌ಫೇಸೋ (ಜಾವಾಸ್ಕ್ರಿಪ್ಟ್‌ನಲ್ಲಿ ಉಳಿಯದ ಟೈಪ್ ವಿವರಣೆ) ಎಂಬುದು ಅದಕ್ಕೆ ತಿಳಿಯದು. ಜೊತೆಗೆ ಟೈಪ್ ಮಾಹಿತಿಯನ್ನು ಜಾವಾಸ್ಕ್ರಿಪ್ಟ್‌ಗೂ ಬರೆಯುವ ಎಮಿಟ್‌ಡೆಕೊರೇಟರ್‌ಮೆಟಾಡೇಟಾ ಸೆಟ್ಟಿಂಗ್ ಕೂಡ ಇದ್ದರೆ, ‘ಈ ಹೆಸರು ಫಂಕ್ಷನ್ ಆಗಿದ್ದರೆ ಅದು, ಇಲ್ಲದಿದ್ದರೆ ಆಬ್ಜೆಕ್ಟ್’ ಎಂಬ ಟರ್ನರಿಯನ್ನು ತಾನೇ ಸೇರಿಸುತ್ತದೆ. ಕವರೇಜ್ ಅಳೆಯುವ ಸಾಧನ ಇಸ್ತಾಂಬುಲ್ ಎಣಿಸುವುದು ಈ ಕೋಡಿನ ಕವಲುಗಳನ್ನು; ಎರಡೂ ಕೋಡುಗಳ ಸಾಲುಗಳನ್ನು ಹೊಂದಿಸುವ ಸೋರ್ಸ್ ಮ್ಯಾಪ್ ಅವನ್ನು ನಮ್ಮ ಸಾಲಿಗೆ ಅಂಟಿಸುತ್ತದೆ. ಆ ‘ಇಲ್ಲದಿದ್ದರೆ’ ಭಾಗವನ್ನು ಸಾಮಾನ್ಯ ಪರೀಕ್ಷೆ ಮುಟ್ಟುವುದಿಲ್ಲ.

ಪರೀಕ್ಷೆಯ ಟಿಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಕಡತದಲ್ಲಿ ಈ ಎರಡನ್ನೂ ಆಫ್ ಮಾಡಿ, ಜೆಸ್ಟ್‌ನ ಕ್ಯಾಶ್ ಅಳಿಸಿ ಮತ್ತೆ ಓಡಿಸಿದೆ. ಕೆಂಪು ಗುರುತು ಹೋಯಿತು. ಒಂದನ್ನೇ ಬದಲಿಸುವುದು ಬೇಡ: ಐಸೊಲೇಟೆಡ್‌ಮಾಡ್ಯೂಲ್ಸ್ ಆನ್ ಇದ್ದಾಗ ಇಂಜೆಕ್ಷನ್‌ಗೆ ಆ ಮೆಟಾಡೇಟಾ ಬೇಕಾಗಬಹುದು. ಪೂರ್ತಿ ಟೈಪ್ ತಪಾಸಣೆ ನಡೆಯುವುದರಿಂದ ಪರೀಕ್ಷೆ ಈಗ ನಿಧಾನ; ನಂಬಬಹುದಾದ ವರದಿಗಾಗಿ ಆ ಬೆಲೆ ತೆರಲು ನಾನು ಸಿದ್ಧ. ಆ ಸಾಲಿಗೆ, ಎಣಿಕೆಯಿಂದ ಕೈಬಿಡಿಸುವ ‘ಇಸ್ತಾಂಬುಲ್ ಇಗ್ನೋರ್’ ಕಾಮೆಂಟ್ ಹಾಕಿ ಎಂದು ಕೆಲವರು ಕೊಡುವ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾಳೆ ಅಲ್ಲಿ ನಿಜವಾದ ಕವಲು ಬಂದರೆ ಅದೂ ಮರೆಯಾಗುತ್ತದೆ.