ಬಿಸಿಲಿಗೆ ತಾನೇ ಮುಚ್ಚುವ ಪರದೆ

ರಾಯಚೂರಿನಲ್ಲಿ ಮಾರ್ಚ್ ಕಾಲಿಟ್ಟರೆ ಮಧ್ಯಾಹ್ನ ಮೂರಕ್ಕೆ ಪಡುವಣ ಕಿಟಕಿಯ ಪರದೆ ಎಳೆಯಲೇಬೇಕು. ಆ ಕೆಲಸವನ್ನು ಮೋಟಾರಿಗೆ ವಹಿಸುವ ಮೊದಲು ಚಪ್ಪಲಿ ಡಬ್ಬಿಯಲ್ಲಿ ಕಿಟಕಿ ಕೊರೆದು ಕೈ ಪಳಗಿಸಿಕೊಳ್ಳಿ. ಇಲ್ಲಿ 230 ವೋಲ್ಟಿನ ತಂಟೆಯೇ ಬೇಡ.

ಆರ್ಡುಯಿನೊ ಊನೊ (ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡ್), ಎಲ್298ಎನ್ ಡ್ರೈವರ್ (ಊನೊದ ಮಾತು ಕೇಳಿ ಮೋಟಾರಿಗೆ ಕರೆಂಟ್ ಕೊಡುವ ಬೋರ್ಡ್), ಗೇರ್ ಇರುವ ಹಳದಿ ಬಿಒ ಮೋಟಾರ್, ನಾಲ್ಕು ಎಎ ಸೆಲ್, ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ತಡೆ ಇಳಿಯುವ ರೆಸಿಸ್ಟರ್), 10 ಕಿಲೋಓಮ್ ರೆಸಿಸ್ಟರ್, ಎರಡು ಲಿಮಿಟ್ ಸ್ವಿಚ್ (ಪರದೆ ತುದಿ ಮುಟ್ಟಿದಾಗ ಒತ್ತಿಕೊಳ್ಳುವ ಸ್ವಿಚ್), ದಾರ, ಹಳೆ ದುಪಟ್ಟಾದ ತುಂಡು ಸಾಕು. ಮೋಟಾರಿಗೊಂದು, ಎದುರು ಬದಿಗೊಂದು ದಾರದ ಉಂಡೆಯ ರೀಲು ಸಿಕ್ಕಿಸಿ, ಬಾವಿಯ ಗಡಗಡೆಯಂತೆ ದಾರ ಸುತ್ತಿ, ಬಟ್ಟೆಯ ಒಂದು ತುದಿಯನ್ನು ಆ ದಾರಕ್ಕೆ ಕಟ್ಟಿ.

ಮೋಟಾರನ್ನು ನೇರ ಊನೊದ ಪಿನ್ನಿಗೆ ಜೋಡಿಸಬೇಡಿ. ಪಿನ್ನಿನ ಮಿತಿ 40 ಮಿಲಿಆಂಪ್, ಮೋಟಾರ್ ಹೊರಡುವಾಗ ಅದರ ಹಲವು ಪಟ್ಟು ಕೇಳುತ್ತದೆ. ಡ್ರೈವರಿನಲ್ಲಿ ದಿಕ್ಕು ಹೇಳುವ ಐಎನ್1, ಐಎನ್2 ಅನ್ನು ಊನೊದ 8, 7ನೇ ಪಿನ್ನಿಗೆ, ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ಟೋಪಿ) ಕಿತ್ತ, ವೇಗ ಹೇಳುವ ಇಎನ್‌ಎಯನ್ನು 9ಕ್ಕೆ ಕೊಡಿ. 6 ವೋಲ್ಟಿನ ಸೆಲ್‌ಗೆ ಡ್ರೈವರಿನೊಳಗೆ 5 ವೋಲ್ಟ್ ಮಾಡಿಕೊಡುವ ರೆಗ್ಯುಲೇಟರ್ ಸರಿಯಾಗಿ ಕೆಲಸ ಮಾಡದು. ಹಾಗಾಗಿ 5 ವೋಲ್ಟ್ ಜಂಪರನ್ನೂ ತೆಗೆದು, ಯುಎಸ್‌ಬಿಯಿಂದ ನಡೆಯುವ ಊನೊದ 5 ವೋಲ್ಟನ್ನು ಅಲ್ಲಿಗೆ ಎಳೆಯಿರಿ. ಸೆಲ್, ಡ್ರೈವರ್, ಊನೊ ಮೂರರ ಗ್ರೌಂಡ್ (ಮೈನಸ್ ಕಡೆ) ತಂತಿಯಿಂದ ಒಂದಾಗಲೇಬೇಕು. ಆ ಒಂದು ತಂತಿ ಮರೆತು ನಾನು ಇಡೀ ಭಾನುವಾರ ಕೋಡ್ ತಿದ್ದುತ್ತ ಕೂತಿದ್ದೆ!

ಎಲ್‌ಡಿಆರ್ ಅನ್ನು 5 ವೋಲ್ಟ್ ಮತ್ತು ಎ0 ನಡುವೆ, ರೆಸಿಸ್ಟರನ್ನು ಎ0 ಮತ್ತು ಗ್ರೌಂಡ್ ನಡುವೆ ಇಡಿ. ಬೆಳಕು ಏರಿದಷ್ಟೂ ಎ0 ಪಿನ್ ಓದುವ 0ರಿಂದ 1023ರ ನಡುವಿನ ಅಂಕಿ ಏರುತ್ತದೆ. 700 ದಾಟಿದರೆ ಮುಚ್ಚು, 500ಕ್ಕಿಂತ ಇಳಿದರೆ ತೆರೆ ಎಂದು ಬರೆಯಿರಿ. ಎರಡಕ್ಕೂ ಒಂದೇ ಅಂಕಿ ಇಟ್ಟರೆ ಮೋಡವೊಂದು ಹಾಯ್ದರೂ ಪರದೆ ಹಿಂದೆ ಮುಂದೆ ಕುಣಿಯುತ್ತದೆ. ವೇಗಕ್ಕೆ 9ನೇ ಪಿನ್ನಿನ ಪಿಡಬ್ಲ್ಯುಎಂ (ಮೋಟಾರಿಗೆ ಎಷ್ಟು ಬಲ ಎಂದು ಹೇಳುವ ಅಂಕಿ, ಹೆಚ್ಚೆಂದರೆ 255) 255ರಿಂದ ಶುರುಮಾಡಿ ಇಳಿಸುತ್ತ ಬನ್ನಿ. ತೀರಾ ಕಡಿಮೆಯಾದರೆ ಮೋಟಾರ್ ತಿರುಗದೆ ಬರೀ ಗುಂಯ್‌ಗುಡುತ್ತದೆ, ಅದಕ್ಕಿಂತ ತುಸು ಮೇಲೆಯೇ ನಿಲ್ಲಿಸಿ. ಉಲ್ಟಾ ತಿರುಗಿದರೆ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿ, ಅಷ್ಟೆ.

ಲಿಮಿಟ್ ಸ್ವಿಚ್ಚುಗಳು ಪರದೆ ಸರಿಯುವ ದಾರಿಯ ಎರಡೂ ತುದಿಗೆ. ಅವುಗಳ ಒಂದೊಂದು ತಂತಿ 2, 3ನೇ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಪಿನ್ನುಗಳಿಗೆ ಕೋಡಿನಲ್ಲೇ ಒಳಗಿನ ಪುಲ್‌ಅಪ್ (ಸ್ವಿಚ್ ಒತ್ತದಿದ್ದಾಗ ಪಿನ್ನನ್ನು 1ರಲ್ಲಿ ಹಿಡಿದಿಡುವ ರೆಸಿಸ್ಟರ್) ಹಾಕಿ, ಒತ್ತಿದಾಗ 0 ಓದುತ್ತದೆ. ಕರೆಂಟ್ ಹೋಗಿ ಬಂದರೆ ಪರದೆ ಎಲ್ಲಿ ನಿಂತಿದೆಯೆಂದು ಊನೊಗೆ ನೆನಪಿರುವುದಿಲ್ಲ. ಅದಕ್ಕೇ ಪ್ರತಿ ಸಲ ಚಾಲೂ ಆದಾಗ ಊನೊ ಮೊದಲು ಪರದೆಯನ್ನು ಮುಚ್ಚುವ ಕಡೆಗೆ ಓಡಿಸಿ, ಸ್ವಿಚ್ ಟಕ್ ಎಂದ ಮೇಲೆಯೇ ಬೆಳಕು ನೋಡಲಿ.